ಪೆಪ್ಪರ್‌ಮಿಂಟ್ ಟೀ, ಎಣ್ಣೆ, ಕ್ಯಾಪ್ಸೂಲ್, ಗಿಡ: ದುಡ್ಡು ಕೊಡುವ ಮೊದಲು ಇದನ್ನು ಓದಿ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಟೀಗೆ ಐದಕ್ಕೆ ನಾಲ್ಕು. ಕ್ಯಾಪ್ಸೂಲ್‌ಗೂ ನಾಲ್ಕು, ಆದರೆ ಅದು ಎಲ್ಲರಿಗೂ ಬೇಕಾದ ಸಾಮಾನಲ್ಲ. ಎಣ್ಣೆಗೆ ಎರಡೂವರೆ, ಅದೂ ಬಾಟಲಿಯ ಮೇಲಿನ ಸಣ್ಣಕ್ಷರ ಓದಿ ಕೊಂಡರೆ ಮಾತ್ರ. ಕೂದಲು ಬೆಳೆಸುತ್ತೇನೆ ಅನ್ನುವ ಪೆಪ್ಪರ್‌ಮಿಂಟ್ ಶಾಂಪೂಗೆ ಸೊನ್ನೆ. ಬೀಜದ ಪ್ಯಾಕೆಟ್‌ಗೆ ಸೊನ್ನೆ ಕೊಡುವುದೂ ಜಾಸ್ತಿ, ಅದರ ಕಥೆ ಕೊನೆಗೆ ಹೇಳುತ್ತೇನೆ. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಯಾವ ಕಂಪನಿಯದ್ದಾದರೂ ಕೊಳ್ಳುವ ಮೊದಲು ಏನು ನೋಡಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಪೆಪ್ಪರ್‌ಮಿಂಟ್‌ದು ಒಂದು ತೊಂದರೆ ಇದೆ. ಬಾಯಿಗೋ ಮೂಗಿಗೋ ಹಣೆಗೋ ತಾಗಿದ ಕೂಡಲೇ ಜುಮ್ಮಂತ ತಂಪಾಗುತ್ತದೆ, ತಂಪಾಯಿತು ಅಂದಮೇಲೆ ಏನೋ ಕೆಲಸ ಮಾಡುತ್ತಿದೆ ಅಂತ ನಮಗೇ ಅನಿಸಿಬಿಡುತ್ತದೆ. ಮಾರುವವರಿಗೆ ಅಷ್ಟು ಸಾಕು. ಆದರೆ ಅದರಲ್ಲಿರುವ ಮೆಂಥಾಲ್ ಮಂಜುಗಡ್ಡೆಯ ಕೆಲಸ ಮಾಡುವುದಿಲ್ಲ. ಚಳಿಯನ್ನು ಗುರುತಿಸುವ ನರದ ತುದಿಯಲ್ಲಿ ಟಿಆರ್‌ಪಿಎಂ8 ಅನ್ನುವ ಒಂದು ಪ್ರೋಟೀನ್ ಇದೆ. ಮೆಂಥಾಲ್ ಹೋಗಿ ಅದನ್ನು ತಟ್ಟುತ್ತದೆ, ಮೆದುಳಿಗೆ ಚಳಿ ಅಂತ ಸುದ್ದಿ ಹೋಗುತ್ತದೆ, ಅಷ್ಟೇ. ಈ ಪ್ರೋಟೀನನ್ನು 2002ರಲ್ಲಿ ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ತಂಡಗಳು ಬೇರೆ ಬೇರೆಯಾಗಿ ಪತ್ತೆ ಮಾಡಿದವು. ಶಾಖ ಮತ್ತು ಸ್ಪರ್ಶ ನಮಗೆ ಹೇಗೆ ಗೊತ್ತಾಗುತ್ತದೆ ಅನ್ನುವ ಒಟ್ಟು ಕೆಲಸಕ್ಕೆ ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ಹಾಗಾಗಿ ಯಾವ ಪೆಪ್ಪರ್‌ಮಿಂಟ್ ಸಾಮಾನು ಕೈಗೆ ಬಂದರೂ ನಾನು ಕೇಳುವುದು ಒಂದೇ: ಈ ತಂಪನ್ನು ಪಕ್ಕಕ್ಕಿಟ್ಟರೆ ಇದು ಬೇರೆ ಏನು ಮಾಡುತ್ತದೆ?

ಮೂಗು ಕಟ್ಟಿದಾಗಿನ ವಿಷಯ ನೋಡಿ. ಮೆಂಥಾಲ್ ಕೊಟ್ಟು ಮೂಗಿನಲ್ಲಿ ಗಾಳಿ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂತ ಅಳೆದು ನೋಡಿದವರಿದ್ದಾರೆ. ಗಾಳಿ ಮೊದಲು ಎಷ್ಟಿತ್ತೋ ಅಷ್ಟೇ. ಆದರೆ ಉಸಿರು ಸರಾಗ ಆಯಿತು ಅಂತ ಜನಕ್ಕೆ ಅನಿಸಿದ್ದು ನಿಜ. ನೆಗಡಿಯಲ್ಲಿ ಮಧ್ಯರಾತ್ರಿ ಹೊರಳಾಡುತ್ತಿರುವವರಿಗೆ ಹಾಗೆ ಅನಿಸಿದರೂ ಸಾಕು ಅಲ್ವಾ, ಅದನ್ನು ಬೇಡ ಅನ್ನಲು ನಾನ್ಯಾರು. ಡಬ್ಬಿಯ ಮೇಲೆ 'ಕಟ್ಟಿದ ಮೂಗು ತೆರೆಯುತ್ತದೆ' ಅಂತ ಬರೆದು ಮೂರು ಪಟ್ಟು ಬೆಲೆ ಹಾಕಿದಾಗ ಮಾತ್ರ ಸಿಟ್ಟು ಬರುತ್ತದೆ. ಮನೆಯಲ್ಲಿ ಹಳೇ ಕಾಲದ ನೋವಿನ ಬಾಮ್ ಇದ್ದರೆ ಅದರಲ್ಲೂ ಸಾಮಾನ್ಯವಾಗಿ ಇರುವುದು ಇದೇ ಮೆಂಥಾಲ್.

ಇನ್ನು ಗಿಡದ ಗುರುತು. ಇದು ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ಗೊಂದಲ. ನಾವು ಸೊಪ್ಪಿನವರ ಹತ್ತಿರ ಕೊಳ್ಳುವ ಪುದೀನ ಪೆಪ್ಪರ್‌ಮಿಂಟ್ ಅಲ್ಲ, ಅದು ಸಾಮಾನ್ಯವಾಗಿ ಸ್ಪಿಯರ್‌ಮಿಂಟ್. ಅದರ ಘಮ ಬರುವುದು ಅದರೊಳಗಿನ ಒಂದು ಸುಗಂಧಾಂಶವಾದ ಕಾರ್ವೋನ್‌ನಿಂದ, ಮೆಂಥಾಲ್ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಪುದೀನ ಚಟ್ನಿ ಎಷ್ಟು ತಿಂದರೂ ನಾಲಿಗೆ ಚಳಿ ಹಿಡಿದಂತೆ ಆಗುವುದಿಲ್ಲ. ಪೆಪ್ಪರ್‌ಮಿಂಟ್ ಅನ್ನುವುದು ಈ ಸ್ಪಿಯರ್‌ಮಿಂಟ್ ಮತ್ತು ನೀರಂಚಿನಲ್ಲಿ ಬೆಳೆಯುವ ಇನ್ನೊಂದು ಪುದೀನ ಎರಡೂ ಬೆರೆತು ಹುಟ್ಟಿದ ಮಿಶ್ರತಳಿ. ಮೆಂಥಾ ಪೈಪರಿಟಾ ಅಂತ ಅದಕ್ಕೆ ಹೆಸರು ಕೊಟ್ಟವರು ಸಸ್ಯವಿಜ್ಞಾನಿ ಲಿನೀಯಸ್, 1753ರಲ್ಲಿ. ಮೂರನೆಯದು ಮೆಂಥಾ ಆರ್ವೆನ್ಸಿಸ್, ಜಪಾನಿ ಪುದೀನ ಅಂತಲೂ ಕರೆಯುತ್ತಾರೆ. ಉತ್ತರ ಪ್ರದೇಶದ ಬಾರಾಬಂಕಿ, ರಾಮ್‌ಪುರ, ಬದಾಯೂಂ ಕಡೆ ರೈತರು ಹೊಲಗಟ್ಟಲೆ ಬೆಳೆದು, ಬೇಸಿಗೆಯಲ್ಲಿ ಕೊಯ್ದು, ಊರಲ್ಲೇ ಭಟ್ಟಿ ಇಳಿಸಿ ಎಣ್ಣೆ ತೆಗೆಯುವುದು ಇದರಿಂದಲೇ. ಈ ಎಣ್ಣೆಯಲ್ಲಿ ಜಗತ್ತಿಗೇ ನಮ್ಮ ದೇಶ ಮುಂದು. ಸರಕುಗಳ ವಾಯಿದೆ ವ್ಯಾಪಾರ ನಡೆಯುವ ಎಂಸಿಎಕ್ಸ್ ಪೇಟೆಯಲ್ಲಿ ಚಿನ್ನ, ಬೆಳ್ಳಿ, ಹತ್ತಿ ಜೊತೆಗೆ ಮೆಂಥಾ ಎಣ್ಣೆಯ ವ್ಯಾಪಾರವೂ ನಡೆದಿದೆ, ಅಷ್ಟು ದೊಡ್ಡ ಸರಕು ಅದು. ಈ ಬೆಳೆಯ ಹಿಂದೆ ಔಷಧಿ ಮತ್ತು ಸುಗಂಧ ಗಿಡಗಳ ಸಂಶೋಧನೆ ಮಾಡುವ ಲಖನೌದ ಸೀಮ್ಯಾಪ್ ಸಂಸ್ಥೆಯ ತಳಿಗಳಿವೆ. ಅದರ ಒಂದು ಕೇಂದ್ರ ನಮ್ಮ ಬೆಂಗಳೂರಿನ ಅಲ್ಲಾಳಸಂದ್ರದಲ್ಲೂ ಇದೆ.

ಈಗ ಎಣ್ಣೆಗೆ ಬರೋಣ, ಮೋಸ ಜಾಸ್ತಿ ಇರುವುದು ಇಲ್ಲೇ.

ಜಪಾನಿ ಪುದೀನದ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಮೆಂಥಾಲೇ ಇರುತ್ತದೆ. ಅದನ್ನು ತಣ್ಣಗೆ ಮಾಡಿದರೆ ಮೆಂಥಾಲ್ ಹರಳುಗಟ್ಟುತ್ತದೆ, ಹರಳನ್ನು ಬೇರೆ ಮಾರುತ್ತಾರೆ. ಉಳಿದ ಎಣ್ಣೆ ಅಗ್ಗ. ಅದೂ ಮಾರಾಟಕ್ಕೆ ಬರುತ್ತದೆ, ಪೆಪ್ಪರ್‌ಮಿಂಟ್ ಎಣ್ಣೆಗೆ ಬೆರಕೆ ಮಾಡುವುದೂ ಇದನ್ನೇ. ಅಸಲಿ ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಮೆಂಥಾಲ್ 30ರಿಂದ 55 ಶೇಕಡಾ, ಇನ್ನೊಂದು ಸುಗಂಧಾಂಶವಾದ ಮೆಂಥೋನ್ 14ರಿಂದ 32 ಶೇಕಡಾ ಇರಬೇಕು, ಕಾರ್ವೋನ್ ಒಂದು ಶೇಕಡಾ ದಾಟಬಾರದು ಅಂತ ಯುರೋಪಿನ ಔಷಧ ಗ್ರಂಥದ ಲೆಕ್ಕ. ನಾನು ಬಳೇಪೇಟೆ ಕಡೆಯ ಒಂದು ಗ್ರಂಧಿಗೆ ಅಂಗಡಿಯಲ್ಲಿ ಕೇಳಿದಾಗ, 'ಇದೇ ಒರಿಜಿನಲ್ ಮೇಡಂ, ಮೂಗಿಗೆ ಹಿಡಿದು ನೋಡಿ, ಕಣ್ಣಲ್ಲಿ ನೀರು ಬರುತ್ತೆ' ಅಂದರು. ಬಂತು, ಸುಳ್ಳಲ್ಲ. ಆದರೆ ಕಣ್ಣೀರು ಬಂದರೆ ಮೆಂಥಾಲ್ ಜಾಸ್ತಿ ಇದೆ ಅಂತ ಅರ್ಥ, ಪೆಪ್ಪರ್‌ಮಿಂಟ್ ಅಂತಲ್ಲ. ಬಾಟಲಿ ತಿರುಗಿಸಿದರೆ ಬರೀ 'ಮಿಂಟ್ ಆಯಿಲ್' ಅಂತಿತ್ತು, ಗಿಡದ ಹೆಸರೇ ಇಲ್ಲ. ಅಲ್ಲೇ ಇಟ್ಟು ಬಂದೆ.

ಆನ್‌ಲೈನ್‌ನಲ್ಲಿ ತರಿಸಿದ ಇನ್ನೊಂದರ ಮೇಲೆ ಪೈಪರಿಟಾ ಅಂತ ಇತ್ತು, ಕಪ್ಪು ಗಾಜಿನ ಬಾಟಲಿ, ಬ್ಯಾಚ್ ನಂಬರ್ ಕೊಟ್ಟರೆ ಲ್ಯಾಬ್ ರಿಪೋರ್ಟ್ ಕಳಿಸಿದರು. ಬೆಲೆ ದುಪ್ಪಟ್ಟಿಗಿಂತ ಜಾಸ್ತಿ. ಎರಡರ ವಾಸನೆಯಲ್ಲೂ ವ್ಯತ್ಯಾಸ ಇದೆ. ಅಂಗಡಿಯದ್ದು ನೇರ ಮೂಗಿಗೆ ಚುಚ್ಚಿತು, ಇದರಲ್ಲಿ ಮೊದಲು ಸ್ವಲ್ಪ ಸಿಹಿ, ಆಮೇಲೆ ಹಸಿ ಎಲೆಯ ವಾಸನೆ, ಕೊನೆಗೆ ತಂಪು. ತುಂಬಾ ಚೆನ್ನಾಗಿದೆ. ಹಾಗಿದ್ದರೂ ಎರಡೂವರೆ ಅಂಕವೇ ಯಾಕೆ ಅಂದರೆ ಮನೆಯಲ್ಲಿ ಅದಕ್ಕೆ ಕೆಲಸ ಕಡಿಮೆ.

ತಲೆನೋವಿಗೆ ಪರವಾಗಿಲ್ಲ. ಇದು ಬರೀ ಮನೆಮದ್ದಿನ ಮಾತಲ್ಲ. 1996ರಲ್ಲಿ ಜರ್ಮನಿಯಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 41 ಜನರಿಗೆ, ಮದ್ಯಸಾರದಲ್ಲಿ ಹತ್ತು ಶೇಕಡಾ ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿ ಹಣೆಗೆ ಮತ್ತು ಹಣೆಯ ಎರಡೂ ಬದಿಗೆ ಹಚ್ಚಿದರು. ಟೆನ್ಷನ್‌ನಿಂದ ಬರುವ, ತಲೆಗೆ ಪಟ್ಟಿ ಬಿಗಿದಂತಹ ನೋವು ಇರುವವರು ಅವರು. ಒಂದು ಸಾವಿರ ಮಿಲಿಗ್ರಾಂ ಪ್ಯಾರಾಸಿಟಮಾಲ್‌ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಪರೀಕ್ಷೆ, ಆದರೂ ಗಟ್ಟಿ ಮಾತು. ಕಂಪ್ಯೂಟರ್ ಮುಂದೆ ಕೂತು ಸಂಜೆ ಹೊತ್ತಿಗೆ ತಲೆ ಭಾರ ಆದಾಗ ನಾನು ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಮೂರು ಹನಿ ಹಾಕಿ ಹಣೆಗೆ ಹಚ್ಚಿಕೊಳ್ಳುತ್ತೇನೆ. ಅದು ಜರ್ಮನಿಯವರು ಬಳಸಿದ್ದಕ್ಕಿಂತ ಬಹಳ ತೆಳು, ಆದರೂ ಹಾಯೆನಿಸುತ್ತದೆ. ನೇರವಾಗಿ ಬಾಟಲಿಯಿಂದ ಹಚ್ಚಬೇಡಿ, ಚರ್ಮ ಉರಿಯುತ್ತದೆ. ಕಣ್ಣಿನ ಹತ್ತಿರವಂತೂ ಬೇಡವೇ ಬೇಡ. ಮೈಗ್ರೇನ್‌ಗೆ ಇದನ್ನೇ ನೆಚ್ಚಿಕೊಳ್ಳಬೇಡಿ, ನಾನು ಹೇಳಿದ ಪರೀಕ್ಷೆ ಬೇರೆ ಥರದ ನೋವಿನದ್ದು.

ಉಳಿದ ಉಪಯೋಗಗಳ ಪಟ್ಟಿಯನ್ನು ಬೇಗ ಮುಗಿಸುತ್ತೇನೆ. ಜಿರಳೆ ಓಡುತ್ತದೆ ಅನ್ನುತ್ತಾರೆ. ನನ್ನ ಅಡುಗೆಮನೆಯ ಜಿರಳೆಗಳು ಆ ವಾಸನೆಯಲ್ಲೇ ಆರಾಮಾಗಿ ಓಡಾಡಿಕೊಂಡಿದ್ದವು. ಸೊಳ್ಳೆ ಸ್ವಲ್ಪ ಹೊತ್ತು ದೂರ ಇರುತ್ತದೆ, ಎಣ್ಣೆ ಆರಿದ ಮೇಲೆ ಮತ್ತೆ ಹಾಜರ್. ನೆಲ ಒರೆಸುವ ನೀರಿಗೆ ನಾಲ್ಕು ಹನಿ ಹಾಕಿದರೆ ಮನೆ ಘಮಘಮ, ಆದರೆ ಅಷ್ಟಕ್ಕೆ ಇಷ್ಟು ದುಬಾರಿ ಎಣ್ಣೆ ಯಾಕೆ? ಬೆಕ್ಕು ಸಾಕಿದವರು ಅದನ್ನೂ ಮಾಡಬೇಡಿ, ಇಂಥ ಎಣ್ಣೆಗಳು ಬೆಕ್ಕಿಗೆ ವಿಷ. ಕೂದಲಿನ ವಿಷಯಕ್ಕೆ ಬಂದರೆ, ರೀಲ್ಸ್‌ನಲ್ಲಿ ಎಲ್ಲರೂ ತೋರಿಸುವ ಆ 'ಸಂಶೋಧನೆ' 2014ರಲ್ಲಿ ಕೊರಿಯಾದಲ್ಲಿ ಇಲಿಗಳ ಮೇಲೆ ಆದದ್ದು. ಇಲಿಯ ಬೆನ್ನಿನ ಮೇಲೆ ಕೂದಲು ಚೆನ್ನಾಗಿ ಬಂತು, ಸಂತೋಷ. ನಾನು ತಂದ ಶಾಂಪೂವಿನಲ್ಲಿ ಪದಾರ್ಥಗಳ ಪಟ್ಟಿಯ ಕಟ್ಟಕಡೆಯಲ್ಲಿ ಪೆಪ್ಪರ್‌ಮಿಂಟ್ ಇತ್ತು, ಅಂದರೆ ಹೆಸರಿಗೆ ಒಂದು ಹನಿ. ನೆತ್ತಿ ತಂಪಾಯಿತು, ಬಾಚಣಿಗೆಯಲ್ಲಿ ಬರುವ ಕೂದಲು ಹಾಗೇ ಬರುತ್ತಿತ್ತು.

ಮೆಂಥಾಲ್ ಹರಳಿನ ಬಗ್ಗೆ ಒಂದು ಮಾತು, ಯಾಕೆಂದರೆ ತುಂಬಾ ಜನ ಮನೆಯಲ್ಲೇ ಅಮೃತಧಾರೆ ಮಾಡುತ್ತಾರೆ. ಮೆಂಥಾಲ್ ಹರಳು, ಕರ್ಪೂರ, ಓಮದ ಸತ್ವ ಮೂರನ್ನೂ ಒಂದು ಶೀಶೆಗೆ ಹಾಕಿ ಮುಚ್ಚಿಟ್ಟರೆ ನೀರು, ಬೆಂಕಿ ಏನೂ ಇಲ್ಲದೆ ತಾನೇ ಕರಗಿ ದ್ರವ ಆಗುತ್ತದೆ. ನೋಡಲು ಮಜಾ. ಹಿಂದೆ ಈ ಔಷಧ ಎಷ್ಟು ಜೋರಾಗಿ ಮಾರಾಟ ಆಗುತ್ತಿತ್ತೆಂದರೆ, ಅಮೃತಧಾರಾ ಮತ್ತು ಲಕ್ಷ್ಮಣಧಾರಾ ಅನ್ನುವ ಎರಡು ಹೆಸರು ಜನರಿಗೆ ಗೊಂದಲ ಮಾಡುತ್ತವೆಯೇ ಅನ್ನುವ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1962ರಲ್ಲಿ ತೀರ್ಪು ಬಂತು, ಗೊಂದಲ ಆಗುತ್ತದೆ ಅಂತಲೇ ಕೋರ್ಟ್ ಹೇಳಿತು. ಟ್ರೇಡ್‌ಮಾರ್ಕ್ ವಕೀಲರು ಇವತ್ತಿಗೂ ಅದನ್ನು ಎತ್ತಿ ಹೇಳುತ್ತಾರೆ. ಅದಿರಲಿ. ಕೈಕಾಲು ನೋವಿಗೆ, ಸೊಳ್ಳೆ ಕಚ್ಚಿದ ಕಡೆಗೆ ಹಚ್ಚಲು ಪರವಾಗಿಲ್ಲ. ಕುಡಿಯುವ ವಿಷಯಕ್ಕೆ ನನ್ನ ಓಟಿಲ್ಲ, ಕರ್ಪೂರ ಹೊಟ್ಟೆಗೆ ಹೋದರೆ ಅಪಾಯ, ಮಕ್ಕಳಿರುವ ಮನೆಯಲ್ಲಿ ಅಂಥ ಶೀಶೆ ಕೈಗೆಟುಕುವ ಕಡೆ ಇಡಲೇಬಾರದು. ಎರಡು ವರ್ಷದೊಳಗಿನ ಕೂಸಿಗೆ ಮೂಗು ಕಟ್ಟಿದೆ ಅಂತ ಮೆಂಥಾಲ್ ಇರುವ ಯಾವುದನ್ನೂ ಮುಖದ ಹತ್ತಿರ, ಎದೆಗೆ ಹಚ್ಚಬೇಡಿ. ಗಂಟಲು ಹಠಾತ್ತನೆ ಬಿಗಿದುಕೊಂಡು ಉಸಿರಿಗೆ ತೊಂದರೆ ಆಗಬಹುದು. ಅಜ್ಜಿಯರು ಎಷ್ಟೇ ಹೇಳಲಿ, ಇದರಲ್ಲಿ ರಾಜಿ ಬೇಡ.

ಕ್ಯಾಪ್ಸೂಲ್. ನನ್ನ ಕೇಳಿದರೆ ಪೆಪ್ಪರ್‌ಮಿಂಟ್‌ಗೆ ಇರುವ ನಿಜವಾದ ಬೆಲೆ ಇಲ್ಲಿದೆ, ಆದರೆ ಇದಕ್ಕೆ ಜಾಹೀರಾತು ಕಡಿಮೆ, ನೋಡಲು ಚಂದವೂ ಇಲ್ಲ. ನಮ್ಮಣ್ಣನಿಗೆ ಐಬಿಎಸ್, ಅಂದರೆ ಕರುಳಿನ ಕಿರಿಕಿರಿಯ ಕಾಯಿಲೆ, ಇದೆ. ಟೆಸ್ಟ್ ಮಾಡಿಸಿದರೆ ಎಲ್ಲ ನಾರ್ಮಲ್, ಆದರೆ ಹೊಟ್ಟೆ ಹಿಂಡುತ್ತದೆ, ಉಬ್ಬರ, ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೇ ಟಾಯ್ಲೆಟ್ಟಿಗೆ ಓಡಾಟ. ಡಾಕ್ಟರು ಬೇರೆ ಔಷಧದ ಜೊತೆ ಇದನ್ನೂ ಬರೆದುಕೊಟ್ಟರು. ಮೆಂಥಾಲ್ ಕರುಳಿನ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೋಗುವುದನ್ನು ತಡೆಯುತ್ತದೆ, ಹಾಗಾಗಿ ಬಿಗಿದ ಕರುಳು ಸಡಿಲ ಆಗುತ್ತದೆ. ನಾನು ಕೇಳುತ್ತಿದ್ದ 'ತಂಪು ಬಿಟ್ಟು ಬೇರೆ ಏನು' ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿ. ಎಂಡೋಸ್ಕೋಪಿ ಮಾಡುವಾಗ ಹೊಟ್ಟೆ ಸೆಳೆತ ನಿಲ್ಲಿಸಲು ಜಪಾನಿನ ವೈದ್ಯರು ಮೆಂಥಾಲ್ ಸಿಂಪಡಿಸುವುದೂ ಇದೇ ಕಾರಣಕ್ಕೆ. ಅಮೆರಿಕದ ಹೊಟ್ಟೆ ವೈದ್ಯರ ಸಂಘ 2021ರ ತನ್ನ ಐಬಿಎಸ್ ಸಲಹೆಗಳಲ್ಲಿ ಪೆಪ್ಪರ್‌ಮಿಂಟ್ ಬಳಸಿ ನೋಡಬಹುದು ಅಂತ ಹೇಳಿದೆ. ಪುರಾವೆ ಅಷ್ಟು ಗಟ್ಟಿ ಇಲ್ಲ ಅಂತಲೂ ಅದೇ ಸಂಘ ಬರೆದಿದೆ. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ದೊಡ್ಡ ಪರೀಕ್ಷೆಯಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ, ಹೊಟ್ಟೆನೋವು ಮಾತ್ರ ಸ್ವಲ್ಪ ಇಳಿಯಿತು. ಅಣ್ಣನ ಅನುಭವವೂ ಹೆಚ್ಚುಕಮ್ಮಿ ಹೀಗೇ: ಹಿಂಡುವುದು ಕಡಿಮೆ ಆಗಿದೆ, ಓಟ ನಿಂತಿಲ್ಲ.

ಕೊಳ್ಳುವಾಗ ಒಂದೇ ಒಂದು ಪದ ಹುಡುಕಿ, 'ಎಂಟರಿಕ್ ಕೋಟೆಡ್'. ಅಂದರೆ ಜಠರದಲ್ಲಿ ಕರಗದೆ ಕರುಳಿಗೆ ಹೋಗಿ ಕರಗುವ ಹೊದಿಕೆ. ಇದು ಇಲ್ಲದಿದ್ದರೆ ಎಣ್ಣೆ ಹೊಟ್ಟೆಯಲ್ಲೇ ಬಿಡುಗಡೆ ಆಗಿ, ಅನ್ನನಾಳದ ಕೆಳಗಿನ ಬಾಗಿಲನ್ನು ಸಡಿಲ ಮಾಡಿ, ಎದೆಯುರಿ ತರುತ್ತದೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಇಡಿಯಾಗಿ ನುಂಗಬೇಕು, ಅಗಿಯಬಾರದು. ಆಂಟಾಸಿಡ್ ಜೊತೆಯಲ್ಲೇ ನುಂಗಿದರೆ ಹೊದಿಕೆ ಬೇಗ ಕರಗಿಬಿಡುತ್ತದೆ. ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಇನ್ನೊಂದು ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ: ಕೆಲವರಿಗೆ ಮಾರನೇ ದಿನ ಟಾಯ್ಲೆಟ್‌ನಲ್ಲಿ ಕೂತಾಗ ಉರಿಯುತ್ತದೆ. ಗಾಬರಿ ಬೇಡ, ಕರಗದೆ ಉಳಿದ ಎಣ್ಣೆ ಅದು.

ಟೀಗೆ ನಾಲ್ಕು ಅಂಕ ಕೊಟ್ಟದ್ದು ಔಷಧ ಅಂತ ಅಲ್ಲ. ಟೀ ಕುಡಿಸಿ ಮನುಷ್ಯರ ಮೇಲೆ ನಡೆದ ಪರೀಕ್ಷೆ ತೀರಾ ಕಡಿಮೆ, ಕ್ಯಾಪ್ಸೂಲಿನ ಫಲಿತಾಂಶವನ್ನೇ ಎತ್ತಿ ಟೀ ಡಬ್ಬಿಯ ಮೇಲೆ ಅಂಟಿಸಿಬಿಡುತ್ತಾರೆ. ಆದರೆ ರುಚಿಗೆ, ಅಭ್ಯಾಸಕ್ಕೆ ಇದು ಬಹಳ ಒಳ್ಳೆಯ ಸಾಮಾನು. ಕೆಫೀನ್ ಇಲ್ಲ, ಸಕ್ಕರೆ ಬೇಡ, ಹಾಲು ಬೇಡ. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಾದ ಮೇಲೆ ಕೈ ತಾನೇ ಕಾಫಿ ಡಬ್ಬಿ ಕಡೆ ಹೋಗುವ ನಮ್ಮಂಥವರಿಗೆ ಇದೊಂದು ದಾರಿ. ನನ್ನ ಅತ್ತೆ ಹಾಸನದವರು, ಹತ್ತು ಗಂಟೆ ರಾತ್ರಿಗೂ ಫಿಲ್ಟರ್ ಕಾಫಿ ಬೇಕು, ಆಮೇಲೆ ನಿದ್ದೆ ಬರಲಿಲ್ಲ ಅಂತ ದೂರು. 'ಇದೇನೇ ಬಿಸಿನೀರಿಗೆ ಪೇಸ್ಟ್ ಹಾಕಿಕೊಟ್ಟಿದ್ದೀಯಾ' ಅಂತ ಮೊದಲ ಗುಟುಕಿಗೆ ಬೈದರು. ಈಗ ಅವರೇ ಕೇಳಿ ಮಾಡಿಸಿಕೊಳ್ಳುತ್ತಾರೆ, ಚಿಟಿಕೆ ಸೋಂಪು ಸೇರಿಸಿದರೆ ಇನ್ನೂ ಇಷ್ಟ.

ಮಾಡುವ ರೀತಿಯಲ್ಲೇ ಅರ್ಧ ರುಚಿ ಇದೆ. ನಮ್ಮ ಟೀ ಥರ ಒಲೆಯ ಮೇಲೆ ಕುದಿಸಬೇಡಿ, ಎಣ್ಣೆಯೆಲ್ಲ ಹಬೆಯ ಜೊತೆ ಹಾರಿಹೋಗಿ ಮನೆ ಘಮಗುಟ್ಟುತ್ತದೆ, ಲೋಟದಲ್ಲಿ ಹುಲ್ಲಿನ ನೀರು ಉಳಿಯುತ್ತದೆ. ಕುದಿದ ನೀರನ್ನು ಎಲೆಯ ಮೇಲೆ ಸುರಿದು, ತಟ್ಟೆ ಮುಚ್ಚಿ, ಐದಾರು ನಿಮಿಷ ಬಿಡಿ. ತಟ್ಟೆ ತೆಗೆದಾಗ ಅದರ ಅಡಿಯಲ್ಲಿ ನಿಂತ ಹನಿಗಳನ್ನೂ ಲೋಟಕ್ಕೇ ಬಿಡಿ, ಘಮ ಇರುವುದು ಅಲ್ಲೇ. ಟೀ ಬ್ಯಾಗ್‌ಗಿಂತ ಬಿಡಿ ಎಲೆ ಮೇಲು. ಬ್ಯಾಗ್‌ನಲ್ಲಿ ಪುಡಿ ಮಾಡಿ ತುಂಬಿರುತ್ತಾರೆ, ಪುಡಿಯ ಘಮ ಬೇಗ ಹೋಗುತ್ತದೆ. ಬ್ಯಾಗೇ ಬೇಕೆಂದರೆ ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿರುವುದನ್ನು ತೆಗೆದುಕೊಳ್ಳಿ. 'ಗ್ರೀನ್ ಟೀ ವಿತ್ ಮಿಂಟ್' ಅಂತ ಇದ್ದರೆ ಅದರಲ್ಲಿ ಕೆಫೀನ್ ಇದೆ, ನೋಡಿಕೊಳ್ಳಿ.

ಒಂದು ಅಂಕ ಕಡಿದದ್ದಕ್ಕೆ ಎರಡು ಕಾರಣ. ಎದೆಯುರಿ, ಹುಳಿತೇಗು ಇರುವವರಿಗೆ ಇದು ಉಲ್ಟಾ ಹೊಡೆಯುತ್ತದೆ. ನಮ್ಮಲ್ಲಿ ಎಲ್ಲದಕ್ಕೂ 'ಗ್ಯಾಸ್ಟ್ರಿಕ್' ಅಂತ ಒಂದೇ ಹೆಸರಿಟ್ಟು, ಅದಕ್ಕೆ ಪೆಪ್ಪರ್‌ಮಿಂಟ್ ಒಳ್ಳೆಯದು ಅಂತ ಕುಡಿಸಿಬಿಡುತ್ತಾರೆ. ಹೊಟ್ಟೆ ಉಬ್ಬರಕ್ಕೆ ಹಿತವಾದದ್ದು ಎದೆಯುರಿಗೆ ಕೆಟ್ಟದ್ದು, ಎರಡೂ ಬೇರೆ. ಎರಡನೆಯದು ರಕ್ತಹೀನತೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಡ್ಡಿನ ಊಟದ ಜೊತೆ ಪೆಪ್ಪರ್‌ಮಿಂಟ್ ಟೀ ಕುಡಿದವರಲ್ಲಿ ಕಬ್ಬಿಣಾಂಶ ಮೈಗೆ ಹಿಡಿಯುವುದು 84 ಶೇಕಡಾ ತಗ್ಗಿತ್ತು. ಮಾಮೂಲಿ ಟೀ ಮಾಡುವಷ್ಟೇ ಹಾನಿ ಅದು. ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ಸೊಪ್ಪು, ಬೆಲ್ಲ, ಮಾತ್ರೆ ಎಲ್ಲ ತಿನ್ನುತ್ತಿರುವ ಹೆಣ್ಣುಮಕ್ಕಳು ಊಟದ ಜೊತೆಗೇ ಇದನ್ನು ಕುಡಿದರೆ ಆ ಕಷ್ಟವೆಲ್ಲ ದಂಡ. ಊಟಕ್ಕೂ ಟೀಗೂ ನಡುವೆ ಒಂದೆರಡು ಗಂಟೆ ಬಿಡಿ.

ಇನ್ನು ಗಿಡ. ನನಗೆ ಖುಷಿ ಕೊಟ್ಟದ್ದು ಇದೇ, ದುಡ್ಡೂ ಕಡಿಮೆ. ಬೆಂಗಳೂರು, ಮೈಸೂರು, ಮಲೆನಾಡಿನ ಹವೆಗೆ ಕುಂಡದಲ್ಲಿ ಚೆನ್ನಾಗಿ ಬರುತ್ತದೆ. ಬಳ್ಳಾರಿ, ಕಲಬುರಗಿಯ ಬಿಸಿಲಿಗೆ ಒಣಗುತ್ತದೆ, ಅಲ್ಲಿಯವರು ನೆರಳಿನಲ್ಲಿ ಇಟ್ಟು ಎರಡು ಹೊತ್ತು ನೀರು ಹಾಕಿ ನೋಡಬೇಕು. ಬೆಳಿಗ್ಗೆಯ ಬಿಸಿಲು, ಮಧ್ಯಾಹ್ನದ ನೆರಳು, ಯಾವಾಗಲೂ ಹಸಿ ಮಣ್ಣು, ಇಷ್ಟು ಸಾಕು. ಬೇರೆ ಗಿಡದ ಜೊತೆ ಮಾತ್ರ ನೆಡಬೇಡಿ, ಮಣ್ಣಿನೊಳಗೇ ಹಂಬು ಹಬ್ಬಿಸಿ ಪಕ್ಕದ ಗಿಡದ ಜಾಗವನ್ನೆಲ್ಲ ನುಂಗುತ್ತದೆ. ಎರಡು ಎಲೆ ಮಜ್ಜಿಗೆಗೆ, ನಿಂಬೆ ಪಾನಕಕ್ಕೆ ಹಾಕಿದರೆ ಸೊಗಸು. ಪಲಾವಿಗೆ, ಚಟ್ನಿಗೆ ಬೇಡ. ನಾನು ಹಾಕಿದ ಪಲಾವನ್ನು ಮಗಳು ತಿಂದು 'ಅಮ್ಮ, ಬ್ರಷ್ ಮಾಡಿದ ಹಾಗಿದೆ' ಅಂದಳು. ಅಡುಗೆಗೆ ಸೊಪ್ಪಿನವರ ಪುದೀನವೇ ಸರಿ.

ಬೀಜದ ಪ್ಯಾಕೆಟ್ ಕಥೆ ಹೇಳುತ್ತೇನೆ ಅಂದಿದ್ದೆ. ಪೆಪ್ಪರ್‌ಮಿಂಟ್ ಮಿಶ್ರತಳಿ ಆದ್ದರಿಂದ ಅದು ಬೀಜ ಕಟ್ಟುವುದಿಲ್ಲ, ಬಂಜೆ ಗಿಡ. ಕಡ್ಡಿಯಿಂದಲೋ ಹಂಬಿನಿಂದಲೋ ಮಾತ್ರ ಬೆಳೆಸಬೇಕು. ಹಾಗಿದ್ದ ಮೇಲೆ ಆನ್‌ಲೈನಿನಲ್ಲಿ 'ಪೆಪ್ಪರ್‌ಮಿಂಟ್ ಸೀಡ್ಸ್, 200 ಬೀಜ' ಅಂತ ಮಾರುವುದು ಏನನ್ನು? ಮೊಳೆತರೆ ಯಾವುದೋ ಪುದೀನ ಬರುತ್ತದೆ. ಕೆಳಗಿನ ರಿವ್ಯೂಗಳಲ್ಲಿ ಜನ 'ಮೊಳಕೆ ಬಂತು, ಸೂಪರ್' ಅಂತ ಐದು ಸ್ಟಾರ್ ಬೇರೆ ಕೊಟ್ಟಿದ್ದಾರೆ. ನರ್ಸರಿಗೆ ಹೋಗಿ ಗಿಡವನ್ನೇ ತನ್ನಿ, ಅಲ್ಲಿಯೂ ಬೋರ್ಡ್ ನಂಬಬೇಡಿ. ಕಾಂಡ ನೇರಳೆ ಮಿಶ್ರಿತ ಕೆಂಪು ಇದೆಯಾ, ಎಲೆಗೆ ಸಣ್ಣ ತೊಟ್ಟು ಇದೆಯಾ ನೋಡಿ. ಸೊಪ್ಪಿನ ಪುದೀನದ ಎಲೆ ತೊಟ್ಟಿಲ್ಲದೆ ಕಾಂಡಕ್ಕೇ ಅಂಟಿಕೊಂಡಂತೆ ಇರುತ್ತದೆ, ಬಣ್ಣವೂ ತಿಳಿ ಹಸಿರು. ಆಮೇಲೆ ಒಂದು ಎಲೆ ಕಿತ್ತು ಅಗಿದು ಉಸಿರು ಒಳಗೆಳೆದುಕೊಳ್ಳಿ. ಗಂಟಲವರೆಗೆ ಚಳಿ ಇಳಿದರೆ ದುಡ್ಡು ಕೊಡಿ, ಬರೀ ಚಟ್ನಿ ನೆನಪಾದರೆ ಕುಂಡವನ್ನು ಅಲ್ಲೇ ಇಟ್ಟು ಬನ್ನಿ.